ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ (ಜೂನ್ 20, 1869 – ಸೆಪ್ಟೆಂಬರ್ 26, 1956) ಅವರು ಭಾರತದ ಆಧುನಿಕ ಕೈಗಾರಿಕೆಯ ಆದ್ಯರಲ್ಲಿ ಒಬ್ಬರು ಮತ್ತು ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರು. ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಇವರು ಬೆಳಗಾವಿ ನಗರದಲ್ಲಿ ಸೈಕಲ್ ಅಂಗಡಿಯೊಂದಿಗೆ ಉದ್ಯಮವನ್ನು ಆರಂಭಿಸಿ, ಮುಂದೆ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳ ತಯಾರಿಕೆಯಿಂದ ಹೆಸರಾದರು. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎಂಬ ಕೈಗಾರಿಕಾ ವಸಾಹತನ್ನು ಕಟ್ಟಿದರು. ಯಂತ್ರಗಳಿಗಾಗಿ ಪ್ರಸಿದ್ಧರಾದಷ್ಟೇ, ಕೆಲಸಗಾರರನ್ನು ಆರಿಸುವ ಮತ್ತು ನಡೆಸಿಕೊಳ್ಳುವ ರೀತಿಯಿಂದಲೂ ಇವರು ಪ್ರಸಿದ್ಧರು. ಮಾನವ ಸಂಪನ್ಮೂಲ ನಿರ್ವಹಣೆ ಎಂಬುದು ಭಾರತದಲ್ಲಿ ಒಂದು ವೃತ್ತಿಯಾಗಿ ಬೆಳೆಯುವುದಕ್ಕೆ ದಶಕಗಳ ಮೊದಲೇ ಆಯ್ಕೆ, ಹೊಣೆಗಾರಿಕೆಯ ಹಂಚಿಕೆ, ವಸತಿ ಮತ್ತು ಕ್ಷೇಮಾಭಿವೃದ್ಧಿಯನ್ನು ಒಟ್ಟಾಗಿ ಕಂಡ ಉದ್ಯಮಿಗಳ ಸಾಲಿನಲ್ಲಿ ಇವರಿಗೆ ಸ್ಥಾನವಿದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ಜಿಲ್ಲೆಯಲ್ಲಿ ಕೃಷಿಯೇ ಪ್ರಧಾನವಾಗಿದ್ದು, ದೊಡ್ಡ ಯಂತ್ರೋದ್ಯಮಗಳು ವಿರಳವಾಗಿದ್ದವು. ಗೋಕಾಕ ತಾಲೂಕಿನ ಕೊಣ್ಣೂರಿನ ಸಮೀಪ, ಘಟಪ್ರಭಾ ನದಿಯ ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ಸ್ಥಾಪನೆಯಾದ ಹತ್ತಿ ಗಿರಣಿಯು ಈ ಭಾಗದ ಮೊದಲ ದೊಡ್ಡ ಕಾರ್ಖಾನೆಗಳಲ್ಲಿ ಒಂದು. ನೀರಿನ ಶಕ್ತಿಯಿಂದ ನಡೆಯುತ್ತಿದ್ದ ಈ ಗಿರಣಿಯ ಸುತ್ತ ಕಾರ್ಮಿಕರ ವಸತಿಯೂ ಬೆಳೆಯಿತು. ಇದರ ಆಡಳಿತವು ಬ್ರಿಟಿಷ್ ವ್ಯಾಪಾರಿ ಸಂಸ್ಥೆಯ ಕೈಯಲ್ಲಿತ್ತು.

ಆ ಕಾಲದ ಗಿರಣಿಗಳಲ್ಲಿ ಕೆಲಸಗಾರರನ್ನು ಮಾಲೀಕರು ನೇರವಾಗಿ ನೇಮಿಸಿಕೊಳ್ಳುತ್ತಿದ್ದುದು ಕಡಿಮೆ. ವಿಶೇಷವಾಗಿ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಜಾಬರ್ ಅಥವಾ ಮುಕಾದಮ ಎನಿಸಿಕೊಂಡ ಮಧ್ಯವರ್ತಿಯೇ ಜನರನ್ನು ಕರೆತಂದು, ಕೆಲಸ ಹಂಚಿ, ಶಿಸ್ತು ನೋಡಿಕೊಂಡು, ಬೇಡವಾದಾಗ ತೆಗೆದುಹಾಕುತ್ತಿದ್ದನು. ಕೆಲಸ ಸಿಗಲು ಅವನಿಗೆ ಹಣ ಕೊಡಬೇಕಾದ ರೂಢಿಯೂ ಇತ್ತು. ಕೆಲಸಗಾರನ ಜಾಣ್ಮೆಗಿಂತ ಅವನ ಊರು, ಜಾತಿ ಮತ್ತು ಪರಿಚಯಗಳೇ ಹೆಚ್ಚು ಮುಖ್ಯವಾಗುತ್ತಿದ್ದವು. ಲಕ್ಷ್ಮಣರಾವ್ ಅವರು ಉದ್ಯಮಕ್ಕೆ ಇಳಿದಾಗ ಕೈಗಾರಿಕೆಯ ಸಾಮಾನ್ಯ ಪರಿಸ್ಥಿತಿ ಇದೇ ಆಗಿತ್ತು.

ಜನನ ಮತ್ತು ಶಿಕ್ಷಣ

ಲಕ್ಷ್ಮಣರಾವ್ ಅವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಎಂಬ ಗ್ರಾಮದಲ್ಲಿ ಮರಾಠಿ ಮಾತನಾಡುವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರ ಜನ್ಮಸ್ಥಳವೂ ಇದೇ ಗ್ರಾಮ. ಲಕ್ಷ್ಮಣರಾವ್ ಅವರ ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪಂಡಿತರಾಗಿದ್ದರು. ಮಗನಿಗೆ ಶಾಲೆಯ ಪಾಠಗಳಲ್ಲಿ ಹೆಚ್ಚಿನ ಆಸಕ್ತಿ ಇರಲಿಲ್ಲ; ಚಿತ್ರಕಲೆ ಮತ್ತು ಯಂತ್ರಗಳು ಅವರನ್ನು ಸೆಳೆದವು.

1885ರಲ್ಲಿ ತಂದೆಯ ಇಚ್ಛೆಗೆ ವಿರುದ್ಧವಾಗಿ, ಹಿರಿಯ ಅಣ್ಣ ರಾಮುಅಣ್ಣ ಅವರ ಹಣಕಾಸಿನ ನೆರವಿನಿಂದ ಅವರು ಮುಂಬಯಿಯ ಸರ್ ಜೆ. ಜೆ. ಕಲಾ ಶಾಲೆಯನ್ನು ಸೇರಿದರು. ಅಲ್ಲಿ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂದಿತು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ಕಾರಣ ಚಿತ್ರಕಾರನಾಗುವ ಆಸೆಯನ್ನು ಕೈಬಿಡಬೇಕಾಯಿತು. ಆದರೆ ಬಣ್ಣದ ಅಗತ್ಯವಿಲ್ಲದ ಯಾಂತ್ರಿಕ ರೇಖಾಚಿತ್ರದ ಅಭ್ಯಾಸವನ್ನು ಅವರು ಮುಂದುವರಿಸಿದರು. ಒಂದು ಕೆಲಸಕ್ಕೆ ಅನರ್ಹನೆನಿಸಿದವನು ಮತ್ತೊಂದರಲ್ಲಿ ಸಮರ್ಥನಾಗಬಲ್ಲನೆಂಬುದಕ್ಕೆ ಅವರ ವಿದ್ಯಾರ್ಥಿಜೀವನವೇ ಉದಾಹರಣೆಯಾಯಿತು.

ಮುಂಬಯಿಯ ನೌಕರಿ ಮತ್ತು ರಾಜೀನಾಮೆ

ವ್ಯಾಸಂಗದ ನಂತರ ಲಕ್ಷ್ಮಣರಾವ್ ಅವರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಾಂತ್ರಿಕ ರೇಖಾಚಿತ್ರದ ಸಹಾಯಕ ಶಿಕ್ಷಕರಾದರು. ಬೋಧನೆಯ ಜೊತೆಗೆ ಯಂತ್ರಗಳ ಕೆಲಸವನ್ನು ಕಲಿಯುವುದಕ್ಕೂ, ವಿದೇಶೀ ತಾಂತ್ರಿಕ ಪತ್ರಿಕೆಗಳನ್ನು ಓದುವುದಕ್ಕೂ ಈ ವರ್ಷಗಳನ್ನು ಬಳಸಿಕೊಂಡರು.

ಸಂಸ್ಥೆಯಲ್ಲಿ ಬಡ್ತಿಯ ಸಂದರ್ಭ ಬಂದಾಗ, ನ್ಯಾಯವಾಗಿ ಅವರಿಗೆ ದೊರೆಯಬೇಕಾಗಿದ್ದ ಸ್ಥಾನವನ್ನು ಆಂಗ್ಲೋ-ಇಂಡಿಯನ್ ವ್ಯಕ್ತಿಯೊಬ್ಬರಿಗೆ ನೀಡಲಾಯಿತು. ಸಾಮರ್ಥ್ಯಕ್ಕಿಂತ ಜನಾಂಗವೇ ಮೇಲಾದ ಈ ನಿರ್ಧಾರದಿಂದ ನೊಂದ ಅವರು ಕೆಲಸಕ್ಕೆ ರಾಜೀನಾಮೆ ನೀಡಿ ಬೆಳಗಾವಿಗೆ ಹಿಂದಿರುಗಿದರು. ಅನ್ಯರ ಕೈಕೆಳಗೆ ದುಡಿಯದೆ ಸ್ವಂತ ಉದ್ಯಮವನ್ನೇ ನಡೆಸಲು ಈ ಪ್ರಸಂಗವು ಅವರನ್ನು ಪ್ರೇರೇಪಿಸಿತು. ಮುಂದೆ ತಮ್ಮ ಕಾರ್ಖಾನೆಯಲ್ಲಿ ಜನರನ್ನು ಆರಿಸುವಾಗ ಅವರು ಅನುಸರಿಸಿದ ರೀತಿಯನ್ನು ಈ ಅನುಭವದ ಹಿನ್ನೆಲೆಯಲ್ಲಿ ನೋಡಿದರೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ.

ಬೆಳಗಾವಿಯಲ್ಲಿ ಉದ್ಯಮ

ಮುಂಬಯಿಯಲ್ಲಿ ನೌಕರಿಯಲ್ಲಿರುವಾಗಲೇ, 1888ರಲ್ಲಿ, ಲಕ್ಷ್ಮಣರಾವ್ ಮತ್ತು ರಾಮುಅಣ್ಣ ಸಹೋದರರು ಬೆಳಗಾವಿಯಲ್ಲಿ ಸಣ್ಣ ಸೈಕಲ್ ಅಂಗಡಿಯನ್ನು ತೆರೆದಿದ್ದರು. ಲಕ್ಷ್ಮಣರಾವ್ ಮುಂಬಯಿಯಿಂದ ಸೈಕಲ್‌ಗಳನ್ನು ಕೊಂಡು ಕಳುಹಿಸುತ್ತಿದ್ದರು. ರಾಮುಅಣ್ಣ ಅವುಗಳನ್ನು ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುತ್ತಿದ್ದರು. ಅಂಗಡಿಯಿದ್ದ ಬೀದಿಯು ಇಂದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರನ್ನು ಹೊಂದಿದೆ.

ಬೆಳಗಾವಿಗೆ ಮರಳಿದ ಬಳಿಕ ಲಕ್ಷ್ಮಣರಾವ್ ಅವರು ಕೃಷಿ ಉಪಕರಣಗಳ ಕಡೆಗೆ ತಿರುಗಿದರು. ಮೊದಲು ಮೇವು ಕತ್ತರಿಸುವ ಯಂತ್ರವನ್ನು, ಅನಂತರ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಮರದ ನೇಗಿಲಿಗೆ ಒಗ್ಗಿಹೋಗಿದ್ದ ರೈತರು ಕಬ್ಬಿಣ ತಗುಲಿದರೆ ಭೂಮಿ ವಿಷವಾಗುತ್ತದೆಂದು ನಂಬಿದ್ದರು. ಹೀಗಾಗಿ ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ನಿಧಾನವಾಗಿ ರೈತರ ವಿಶ್ವಾಸ ಗಳಿಸಿದ ಕಿರ್ಲೋಸ್ಕರ್ ನೇಗಿಲು, ಆಳವಾಗಿ ಉಳಬೇಕಾದ ದಖನ್ನಿನ ಕಪ್ಪು ಮಣ್ಣಿನ ಸೀಮೆಯಲ್ಲಿ ಜನಪ್ರಿಯವಾಯಿತು.

ಉದ್ಯಮವು ನೆಲೆಗೊಳ್ಳುವ ಹೊತ್ತಿಗೆ ಬೆಳಗಾವಿ ಪುರಸಭೆಯು ಹೊಸ ಬಡಾವಣೆಯ ನಿರ್ಮಾಣಕ್ಕಾಗಿ ಕಾರ್ಖಾನೆಯ ಜಾಗವನ್ನು ತೆರವುಗೊಳಿಸುವಂತೆ ಆದೇಶಿಸಿತು. ಕಾರ್ಖಾನೆಯನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆಯ ಜೊತೆಗೆ, ಅದನ್ನೇ ನಂಬಿದ್ದ ಕೆಲಸಗಾರರ ಗತಿಯೇನೆಂಬ ಪ್ರಶ್ನೆಯೂ ಎದುರಾಯಿತು.

ಕಿರ್ಲೋಸ್ಕರವಾಡಿಯ ಸ್ಥಾಪನೆ

ಈ ಸಂದರ್ಭದಲ್ಲಿ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಔಂಧ್‌ನಲ್ಲಿ ಒಂದು ಸಭಾಮಂಟಪದ ನಿರ್ಮಾಣದ ಕೆಲಸವನ್ನು ಲಕ್ಷ್ಮಣರಾವ್ ಅವರಿಗೆ ವಹಿಸಿದ್ದ ಅರಸರಿಗೆ ಅವರ ಕಾರ್ಯದಕ್ಷತೆಯ ಪರಿಚಯವಿತ್ತು. ತಮ್ಮ ಸಂಸ್ಥಾನದಲ್ಲಿ ಎಲ್ಲಿ ಬೇಕಾದರೂ ಕಾರ್ಖಾನೆ ಕಟ್ಟಬಹುದೆಂದು ಆಹ್ವಾನಿಸಿದ ಅವರು ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ನೀಡಿದರು.

ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿಯ 32 ಎಕರೆ ಭೂಮಿಯನ್ನು ಲಕ್ಷ್ಮಣರಾವ್ ಆರಿಸಿಕೊಂಡರು. ಅದು ಪಾಪಾಸುಕಳ್ಳಿ ಬೆಳೆದ, ಹಾವುಗಳಿಂದ ತುಂಬಿದ ಬಂಜರು ನೆಲವಾಗಿತ್ತು. 1910ರ ಮಾರ್ಚ್ 10ರಂದು ಇಲ್ಲಿ ಹೊಸ ಕಾರ್ಖಾನೆಯ ಕಾರ್ಯ ಆರಂಭವಾಯಿತು. ಬೆಳಗಾವಿಯಿಂದ 25 ಕೆಲಸಗಾರರು ತಮ್ಮ ಕುಟುಂಬಗಳೊಂದಿಗೆ ಹೊರಟು ಬಂದರು. ಕೂಲಿಯ ಮೇಲೆ ದುಡಿಯುವವರು ಊರು, ನೆಂಟರು, ಮನೆಗಳನ್ನು ಬಿಟ್ಟು, ನೆರಳೂ ಇಲ್ಲದ ನೆಲಕ್ಕೆ ಮಾಲೀಕನ ಹಿಂದೆ ಬಂದುದು ಅವರಿಬ್ಬರ ನಡುವಿನ ವಿಶ್ವಾಸವನ್ನು ತೋರಿಸುತ್ತದೆ. ಗುಡಿಸಲುಗಳಿಂದ ಆರಂಭವಾದ ಈ ನೆಲೆಯು ಕ್ರಮೇಣ ಮನೆ, ರಸ್ತೆ, ಶಾಲೆಗಳುಳ್ಳ ಊರಾಗಿ ಬೆಳೆಯಿತು. ಜಮ್‌ಶೆಡ್‌ಪುರದ ನಂತರ ಭಾರತದ ಎರಡನೆಯ ಕೈಗಾರಿಕಾ ವಸಾಹತೆಂದು ಇದನ್ನು ಹಲವರು ಗುರುತಿಸುತ್ತಾರೆ. ಇಂದು ಇದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಹಳೆಯ ಕುಂಡಲ್ ರೋಡ್ ನಿಲ್ದಾಣದ ಹೆಸರೂ ಕಿರ್ಲೋಸ್ಕರವಾಡಿ ಎಂದಾಗಿದೆ.

ಕೆಲಸಗಾರರ ಆಯ್ಕೆ ಮತ್ತು ಹೊಣೆ

ಲಕ್ಷ್ಮಣರಾವ್ ಅವರು ಜನರನ್ನು ಆರಿಸುವಾಗ ಪದವಿಯನ್ನಾಗಲಿ, ಪರೀಕ್ಷೆಯ ಅಂಕವನ್ನಾಗಲಿ ಮುಖ್ಯವೆಂದು ಎಣಿಸಲಿಲ್ಲ. ವ್ಯಕ್ತಿಯು ಏನು ಮಾಡಬಲ್ಲ ಎಂಬುದನ್ನು ನೋಡಿ, ಅದಕ್ಕೆ ತಕ್ಕ ಹೊಣೆಯನ್ನು ಅವನಿಗೆ ವಹಿಸುತ್ತಿದ್ದರು. ಕಾರ್ಖಾನೆಯ ಮೊದಲ ತಂಡವೇ ಇದಕ್ಕೆ ನಿದರ್ಶನ. ಅಣ್ಣ ರಾಮುಅಣ್ಣ ಅವರು ಊರಿನ ಯೋಜನೆ ಮತ್ತು ಆಡಳಿತವನ್ನು ನೋಡಿಕೊಂಡರು. ಶಂಭೋರಾವ್ ಜಾಂಭೇಕರ್ ಎಂಜಿನಿಯರ್ ಆಗಿ ಕಾರ್ಖಾನೆಯ ಆಧಾರಸ್ತಂಭವಾದರು. ನಾನಾ ಕೆಲಸಗಳಲ್ಲಿ ಕೈಯಾಡಿಸಿದ್ದ ಕೆ. ಕೆ. ಕುಲಕರ್ಣಿ ವ್ಯವಸ್ಥಾಪಕರಾದರು. ಮಂಗೇಶರಾವ್ ರೇಗೆ ಅವರು ಕಚೇರಿ ಮತ್ತು ಲೆಕ್ಕಪತ್ರಗಳ ಮುಖ್ಯಸ್ಥರಾದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಕಲ್ಪನಾಶಕ್ತಿಯುಳ್ಳ ಎಂಜಿನಿಯರ್ ಎಂದು ಹೆಸರಾದರು.

ಇವೆಲ್ಲಕ್ಕಿಂತ ಹೆಚ್ಚು ಗಮನ ಸೆಳೆಯುವುದು ಕಾವಲುಗಾರರ ನೇಮಕ. ಡಕಾಯಿತಿಗಾಗಿ ಶಿಕ್ಷೆಗೊಳಗಾಗಿದ್ದ ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಅವರನ್ನು ಲಕ್ಷ್ಮಣರಾವ್ ಕಿರ್ಲೋಸ್ಕರವಾಡಿಯ ಕಾವಲಿಗೆ ಇರಿಸಿಕೊಂಡರು. ಅವರಿಬ್ಬರೂ ನಂಬಿಕಸ್ಥ ಕಾವಲುಗಾರರೆಂದು ಹೆಸರು ಪಡೆದರು. ರಾಮೋಶಿಗಳು ಹಿಂದಿನಿಂದ ಹಳ್ಳಿಗಳ ಕಾವಲು ಕಾಯುತ್ತ ಬಂದ ಸಮುದಾಯದವರು. ಮಾಂಗರು ಅಸ್ಪೃಶ್ಯತೆಗೆ ಒಳಗಾಗಿದ್ದವರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸುತ್ತಿದ್ದ ಕಾಲದಲ್ಲಿ, ಶಿಕ್ಷೆ ಅನುಭವಿಸಿದವರ ಕೈಗೇ ಊರಿನ ರಕ್ಷಣೆಯನ್ನು ಒಪ್ಪಿಸುವುದು ಅಪರೂಪದ ನಿರ್ಧಾರವಾಗಿತ್ತು. ಕೈದಿಗಳಲ್ಲಿ ವಿಶ್ವಾಸವಿಡುವ ಇದೇ ಬಗೆಯ ಪ್ರಯೋಗವು 1939ರಲ್ಲಿ ಔಂಧ್ ಸಂಸ್ಥಾನವು ಸ್ವತಂತ್ರಪುರದಲ್ಲಿ ಬಯಲು ಬಂದೀಖಾನೆಯನ್ನು ತೆರೆದಾಗ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು.

ವಸಾಹತಿನ ಸಾಮಾಜಿಕ ಜೀವನ

ಲಕ್ಷ್ಮಣರಾವ್ ಅವರು ಜಾತಿಭೇದವನ್ನು ಬಹಿರಂಗವಾಗಿ ವಿರೋಧಿಸಿದರು ಮತ್ತು ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಿದರು. ಎರಕದ ಮನೆ, ಕಮ್ಮಾರಸಾಲೆ, ಬಡಗಿಯ ಕೆಲಸ ಮುಂತಾದವು ಹಿಂದೆ ಬೇರೆಬೇರೆ ಜಾತಿಗಳ ಕುಲಕಸುಬುಗಳಾಗಿದ್ದವು. ಕಾರ್ಖಾನೆಯ ಒಂದೇ ಚಾವಣಿಯಡಿ ಈ ಕೆಲಸಗಳು ನಡೆಯತೊಡಗಿದಾಗ ಕಸುಬು ಮತ್ತು ಜಾತಿಗಳ ನಡುವಿನ ಹಳೆಯ ಗಂಟು ಸಡಿಲಗೊಳ್ಳುವ ಸಾಧ್ಯತೆ ಉಂಟಾಯಿತು. ಅಸ್ಪೃಶ್ಯತೆಯ ನಿಷೇಧವು ಈ ಬದಲಾವಣೆಯನ್ನು ಕಾರ್ಖಾನೆಯಿಂದ ಊರಿನ ಬೀದಿಗೂ ಒಯ್ಯುವ ಪ್ರಯತ್ನವಾಗಿತ್ತು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ನೋಂದಾಯಿತ ಕಂಪನಿಯಾಯಿತು. ಅದೇ ವರ್ಷ ಕುಟುಂಬದ ಶಂಕರರಾವ್ ಕಿರ್ಲೋಸ್ಕರ್ ಅವರ ಸಂಪಾದಕತ್ವದಲ್ಲಿ ಕಿರ್ಲೋಸ್ಕರ್ ಖಬರ್ ಎಂಬ ಮರಾಠಿ ಪತ್ರಿಕೆ ಆರಂಭವಾಯಿತು. ಕಾರ್ಖಾನೆಯ ಸುದ್ದಿ ಮತ್ತು ಉತ್ಪನ್ನಗಳ ಮಾಹಿತಿಯನ್ನು ನೀಡಲು ಹುಟ್ಟಿದ ಈ ಪತ್ರಿಕೆಯು ಮುಂದೆ ಮಹಾರಾಷ್ಟ್ರದ ಪ್ರಮುಖ ಸಾಮಾಜಿಕ ಮಾಸಿಕವಾಗಿ ಬೆಳೆಯಿತು. 1930ರಲ್ಲಿ ಇದರ ಜೊತೆಗೆ ಸ್ತ್ರೀ ಎಂಬ ಮಹಿಳಾ ಮಾಸಿಕವೂ ಪ್ರಕಟವಾಗತೊಡಗಿತು.

ಮೊದಲ ಮಹಾಯುದ್ಧ ಮತ್ತು ವಿಸ್ತರಣೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಕಬ್ಬಿಣ, ಕಲ್ಲಿದ್ದಲು ಮತ್ತು ಬಣ್ಣಗಳ ಆಮದಿಗೆ ಅಡ್ಡಿಯಾಯಿತು. ಕಾರ್ಖಾನೆ ನಿಂತರೆ ಊರೇ ನಿಲ್ಲುವ ಪರಿಸ್ಥಿತಿಯಿತ್ತು. ಲಕ್ಷ್ಮಣರಾವ್ ಅವರು ಕೊಲ್ಹಾಪುರ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಕೊಂಡು ಕರಗಿಸಿ, ಅದರಿಂದ ದೊರೆತ ಕಬ್ಬಿಣವನ್ನು ನೇಗಿಲುಗಳಿಗೆ ಬಳಸಿದರು. ಕಲ್ಲಿದ್ದಲಿಗೆ ಬದಲಾಗಿ ಸ್ಥಳೀಯವಾಗಿ ದೊರೆಯುವ ಉರುವಲನ್ನು ಉಪಯೋಗಿಸಿದರು. ಹೀಗೆ ಉತ್ಪಾದನೆಯು ನಿಲ್ಲದೆ ಮುಂದುವರಿಯಿತು.

ಯುದ್ಧಾನಂತರದ ವರ್ಷಗಳಲ್ಲಿ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು, ನೀರೆತ್ತುವ ಪಂಪು, ಕಬ್ಬಿಣದ ಪೀಠೋಪಕರಣ ಮೊದಲಾದವು ಕಾರ್ಖಾನೆಯಲ್ಲಿ ತಯಾರಾದವು. ಲಕ್ಷ್ಮಣರಾವ್ ಅವರ ಮಗ ಶಂತನುರಾವ್ ಕಿರ್ಲೋಸ್ಕರ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು 1926ರಲ್ಲಿ ಉದ್ಯಮವನ್ನು ಸೇರಿದರು. ಪದವಿಯಿಲ್ಲದವರು ಕಟ್ಟಿದ ಕಾರ್ಖಾನೆಗೆ ವಿಶ್ವವಿದ್ಯಾಲಯದ ಶಿಕ್ಷಣ ಪಡೆದ ಎರಡನೆಯ ಪೀಳಿಗೆ ಬಂದುದು ಸಂಸ್ಥೆಯ ಬೆಳವಣಿಗೆಯಲ್ಲಿ ಹೊಸ ಘಟ್ಟವಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪನೆಯಾಗಿ ಲೇತ್ ಯಂತ್ರಗಳ ತಯಾರಿಕೆಯಲ್ಲಿ ಹೆಸರು ಗಳಿಸಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹಾಗೂ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಗಳು ಆರಂಭವಾದವು. ಬೆಳಗಾವಿಯನ್ನು ಬಿಡಬೇಕಾಗಿ ಬಂದಿದ್ದ ಉದ್ಯಮವು ಹೀಗೆ ಕನ್ನಡ ನಾಡಿನಲ್ಲಿ ಮತ್ತೆ ನೆಲೆ ಪಡೆಯಿತು.

1948ರ ದುರಂತ

1948ರ ಜನವರಿ 30ರಂದು ಮಹಾತ್ಮ ಗಾಂಧಿಯವರ ಹತ್ಯೆಯಾದ ಬಳಿಕ, ಹಂತಕನು ಬ್ರಾಹ್ಮಣನಾಗಿದ್ದ ಕಾರಣ ಪಶ್ಚಿಮ ಮಹಾರಾಷ್ಟ್ರದ ಹಲವೆಡೆ ಬ್ರಾಹ್ಮಣರ ಮನೆ, ಆಸ್ತಿಗಳ ಮೇಲೆ ದಾಳಿಗಳು ನಡೆದವು. ಈ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿದ್ದು ಭಾರಿ ಹಾನಿಯಾಯಿತು. ಆಗ ಲಕ್ಷ್ಮಣರಾವ್ ಅವರಿಗೆ 78 ವರ್ಷ. ಜಾತಿಯ ಗೆರೆಗಳನ್ನು ಅಳಿಸುವ ಉದ್ದೇಶದಿಂದ ಕಟ್ಟಿದ ಊರು ಜಾತಿದ್ವೇಷದ ಉರಿಗೆ ತುತ್ತಾದುದು ಅವರ ಜೀವನದ ದೊಡ್ಡ ಆಘಾತಗಳಲ್ಲಿ ಒಂದು. ಕಾರ್ಖಾನೆಯನ್ನು ಮುಚ್ಚದೆ, ಅದೇ ಸ್ಥಳದಲ್ಲಿ ಪುನಃ ಕಟ್ಟಲಾಯಿತು.

ಮಾನವ ಸಂಪನ್ಮೂಲ ನಿರ್ವಹಣೆಯ ಇತಿಹಾಸದಲ್ಲಿ ಸ್ಥಾನ

ಭಾರತದಲ್ಲಿ ಸಿಬ್ಬಂದಿ ನಿರ್ವಹಣೆಯು ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡುದು ಲಕ್ಷ್ಮಣರಾವ್ ಅವರ ಜೀವನದ ಕೊನೆಯ ದಶಕಗಳಲ್ಲಿ. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿ ನೀಡಿದ ಕಾರ್ಮಿಕರ ಕುರಿತ ರಾಯಲ್ ಆಯೋಗವು ಜಾಬರ್ ಪದ್ಧತಿಯ ದೋಷಗಳನ್ನು ಎತ್ತಿತೋರಿಸಿ, ಕಾರ್ಖಾನೆಗಳಲ್ಲಿ ಕಾರ್ಮಿಕ ಅಧಿಕಾರಿಗಳನ್ನು ನೇಮಿಸುವಂತೆ ಶಿಫಾರಸು ಮಾಡಿತು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯು ಆರಂಭವಾಗಿ ಈ ಕ್ಷೇತ್ರದಲ್ಲಿ ತರಬೇತಿಗೆ ದಾರಿ ಮಾಡಿತು. 1948ರ ಕಾರ್ಖಾನೆಗಳ ಕಾಯ್ದೆಯ 49ನೆಯ ಕಲಮು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಷೇಮಾಧಿಕಾರಿಯ ನೇಮಕವನ್ನು ಕಡ್ಡಾಯಗೊಳಿಸಿತು. 1970ರ ದಶಕದ ನಂತರ ಸಿಬ್ಬಂದಿ ನಿರ್ವಹಣೆ ಎಂಬ ಹೆಸರಿನ ಬದಲಿಗೆ ಮಾನವ ಸಂಪನ್ಮೂಲ ಎಂಬ ಪರಿಭಾಷೆ ಬಳಕೆಗೆ ಬಂದಿತು.

ಇಂದು ಮಾನವ ಸಂಪನ್ಮೂಲ ವ್ಯವಸ್ಥಾಪಕರ ಕರ್ತವ್ಯಗಳೆಂದು ಹೇಳಲಾಗುವ ಆಯ್ಕೆ, ತಕ್ಕ ಸ್ಥಾನಕ್ಕೆ ನಿಯೋಜನೆ, ತರಬೇತಿ, ಕ್ಷೇಮಾಭಿವೃದ್ಧಿ ಹಾಗೂ ಆಂತರಿಕ ಸಂವಹನಗಳಲ್ಲಿ ಬಹುಪಾಲು ಕಿರ್ಲೋಸ್ಕರವಾಡಿಯಲ್ಲಿ ಹೆಸರಿಲ್ಲದೆ ನಡೆಯುತ್ತಿದ್ದವು. ಮಧ್ಯವರ್ತಿಯನ್ನು ನೆಚ್ಚದೆ ವ್ಯಕ್ತಿಯನ್ನು ನೇರವಾಗಿ ಅರಿತು ಹೊಣೆ ವಹಿಸಿದುದು ಇವುಗಳಲ್ಲಿ ಮುಖ್ಯವಾದುದು. ಆಯ್ಕೆಯಲ್ಲಿ ಪೂರ್ವಗ್ರಹವನ್ನು ದೂರವಿಡಬೇಕೆಂಬ ಇಂದಿನ ತತ್ತ್ವಕ್ಕೆ ಫಳಣೀಕರ್ ಅವರ ಮತ್ತು ಇಬ್ಬರು ಕಾವಲುಗಾರರ ನೇಮಕಗಳು ಉತ್ತಮ ಉದಾಹರಣೆಗಳು.

ಈ ಪದ್ಧತಿಗೆ ಮಿತಿಗಳೂ ಇದ್ದವು. ಕಂಪನಿಯ ಊರಿನಲ್ಲಿ ಉದ್ಯೋಗವೂ ಮನೆಯೂ ಒಂದೇ ಸಂಸ್ಥೆಯ ಅಧೀನದಲ್ಲಿರುತ್ತವೆ; ಕೆಲಸ ಕಳೆದುಕೊಂಡವನು ಮನೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ಮಾಲೀಕನು ಗುಣಗ್ರಾಹಿಯಾಗಿದ್ದರೆ ಕೆಲಸಗಾರನಿಗೆ ನ್ಯಾಯ ದೊರೆಯುತ್ತದೆ, ಆದರೆ ಆ ನ್ಯಾಯವು ಮಾಲೀಕನ ಸ್ವಭಾವವನ್ನೇ ಅವಲಂಬಿಸಿರುತ್ತದೆ. ಲಕ್ಷ್ಮಣರಾವ್ ಅವರಿಗೆ ಮುಂಬಯಿಯಲ್ಲಿ ತಪ್ಪಿಹೋದ ಬಡ್ತಿಯೂ ಇಂಥದೇ ಒಬ್ಬರ ಇಚ್ಛೆಗೆ ಬಿಟ್ಟ ನಿರ್ಧಾರದ ಫಲವಾಗಿತ್ತು. ನೇಮಕ, ಬಡ್ತಿ ಮತ್ತು ವಜಾಗಳಿಗೆ ಲಿಖಿತ ನಿಯಮಗಳನ್ನೂ, ಕೆಲಸಗಾರರಿಗೆ ಕಾನೂನಿನ ರಕ್ಷಣೆಯನ್ನೂ ಒದಗಿಸುವ ಪ್ರಯತ್ನಗಳು ಮುಂದೆ ಬಂದುದು ಈ ಕೊರತೆಯನ್ನು ತುಂಬಲೆಂದೇ. ಆದರೆ ನಿಯಮಗಳಿದ್ದರೂ ಮನುಷ್ಯನಲ್ಲಿ ಅಡಗಿದ ಸಾಮರ್ಥ್ಯವನ್ನು ಕಾಣುವ ದೃಷ್ಟಿ ಬೇಕೆಂಬುದನ್ನು ಕಿರ್ಲೋಸ್ಕರವಾಡಿಯ ಇತಿಹಾಸವು ತೋರಿಸುತ್ತದೆ.

ನಿಧನ ಮತ್ತು ಸ್ಮರಣೆ

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1956ರ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ನಂತರ ಶಂತನುರಾವ್ ಕಿರ್ಲೋಸ್ಕರ್ ಅವರ ನೇತೃತ್ವದಲ್ಲಿ ಉದ್ಯಮ ಸಮೂಹವು ಇನ್ನಷ್ಟು ವಿಸ್ತರಿಸಿತು. ಜನ್ಮಶತಾಬ್ದಿಯ ಅಂಗವಾಗಿ ಭಾರತೀಯ ಅಂಚೆ ಇಲಾಖೆಯು 1969ರ ಜೂನ್ 20ರಂದು ಅವರ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಅವರು ಸ್ಥಾಪಿಸಿದ ಕಿರ್ಲೋಸ್ಕರವಾಡಿಯಲ್ಲಿ ಇಂದಿಗೂ ಪಂಪುಗಳ ತಯಾರಿಕೆ ನಡೆಯುತ್ತಿದೆ.